ಸಾನ್ನಾ ಮತ್ತು ಕಳ್ಳು: ಒಂದು ಹುಳಿಯ ಚರಿತ್ರೆ



ಹಮ್ದಾನ್ ಸ್ಟ್ರೀಟಿನ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಮಂಗಳೂರು ಕಡೆಯ ಮನೆಗಳಲ್ಲಿ ಹಬ್ಬದ ಮುನ್ನಾದಿನ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಕಳ್ಳು ಹಾಕದ ಸಾನ್ನಾ ಸಾನ್ನಾವೇ ಅಲ್ಲ." ರುಬ್ಬಿದ ಹಿಟ್ಟಿಗೆ ಈಸ್ಟ್ ಬೆರೆಸುತ್ತಲೇ ಹಿರಿಯರು ಹೀಗೆ ನಿಟ್ಟುಸಿರಿಡುತ್ತಾರೆ. ಈ ಕೊರಗು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಂದು ವಿಚಾರಿಸೋಣ.

ಮಾಂಸವನ್ನು ದ್ರಾಕ್ಷಾರಸದಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ನೆನೆಯಿಸಿ ಬೇಯಿಸುವುದು ಪೋರ್ಚುಗೀಸರ ಹಳೆಯ ಪದ್ಧತಿ. ಅದಕ್ಕೆ ಅವರು 'ವಿನ್ಯಾ ದಾಲ್ಯೋಸ್' ಎನ್ನುತ್ತಾರೆ. 1510ರಲ್ಲಿ ಅವರು ಗೋವೆಯನ್ನು ವಶಪಡಿಸಿಕೊಂಡ ತರುವಾಯ ಈ ಪಾಕವೂ ಅಲ್ಲಿ ನೆಲೆಯೂರಿತು. ಆದರೆ ಅಲ್ಲಿ ದ್ರಾಕ್ಷಾರಸ ದುರ್ಲಭ, ತೆಂಗು ಸುಲಭ. ಕಳ್ಳಿನಿಂದಾದ ವಿನೆಗರ್ ಆ ಸ್ಥಾನವನ್ನು ತುಂಬಿತು. ಹೆಸರು ವಿಂದಾಲೂ ಆಯಿತು. ಅದರ ಕೊನೆಯ 'ಆಲೂ' ಆಲೂಗಡ್ಡೆಯಲ್ಲ, ಬೆಳ್ಳುಳ್ಳಿ! ಮುಂದೆ ಗೋವೆಯಿಂದ ಕೆನರಾ ಪ್ರಾಂತಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಹುಳಿಯ ಈ ರುಚಿಯನ್ನು ತಮ್ಮೊಡನೆ ತಂದವು.

ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಮೊದಲು ಸಿಹಿಯಾಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಹುದುಗಿ ಕಳ್ಳಾಗುತ್ತದೆ, ಇನ್ನೂ ಬಿಟ್ಟರೆ ವಿನೆಗರ್ ಆಗುತ್ತದೆ. ಕೊಂಕಣಿಯಲ್ಲಿ ಕಳ್ಳಿಗೆ 'ಸೂರ್' ಎಂಬ ಹೆಸರು. ಇದು ಸಂಸ್ಕೃತದ 'ಸುರಾ' ಶಬ್ದದ ಸಂತತಿ. ಅಕ್ಕಿ ಉದ್ದಿನ ಹಿಟ್ಟಿಗೆ ಇದನ್ನು ಬೆರೆಸಿದರೆ ಹಿಟ್ಟು ಉಬ್ಬಿ, ಹಬೆಯಲ್ಲಿ ಬೆಂದು ಮೃದುವಾದ ಸಾನ್ನಾ ಆಗುತ್ತದೆ. ಹಂದಿಮಾಂಸದ ಬಫಾತಿನ ಕೊಬ್ಬು, ಮೆಣಸಿನ ಖಾರಗಳಿಗೆ ಇದು ತಕ್ಕ ಜೋಡಿ. ಸಾನ್ನಾದ ನಸುಸಿಹಿ ಖಾರವನ್ನು ತಣಿಸುತ್ತದೆ, ಅದರ ಒಡಲು ಸಾರನ್ನು ಹೀರುತ್ತದೆ, ಬಫಾತಿನ ಹುಳಿ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. ದ್ರಾಕ್ಷಾರಸವು ಪೋರ್ಚುಗೀಸರ ಊಟದಲ್ಲಿ ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೇ?

ಹಿರಿಯರ ಮಾತಿನಲ್ಲಿ ಸತ್ಯಾಂಶವಿದೆ. ಕಳ್ಳಿನಲ್ಲಿ ಹಿಟ್ಟನ್ನು ಉಬ್ಬಿಸುವ ಈಸ್ಟ್ ಅಣುಜೀವಿಯ ಜೊತೆಗೆ ಹುಳಿ ಕೊಡುವ ಬ್ಯಾಕ್ಟೀರಿಯಾಗಳೂ ಇವೆ. ಪೊಟ್ಟಣದ ಈಸ್ಟ್ ಉಬ್ಬಿಸುವುದನ್ನಷ್ಟೇ ಬಲ್ಲದು. ಆದುದರಿಂದ ಈಸ್ಟ್ ಕಡಿಮೆ ಹಾಕಿ ಹಿಟ್ಟನ್ನು ಹೆಚ್ಚು ಹೊತ್ತು ಹುದುಗಲು ಬಿಟ್ಟರೆ ಹುಳಿ ಒಂದಿಷ್ಟು ಮರಳುತ್ತದೆ. ಹಾಗೆಂದು ಬದಲಿ ಪದಾರ್ಥ ನಮ್ಮ ಪರಂಪರೆಗೆ ಅಪಚಾರವಲ್ಲ. ದ್ರಾಕ್ಷಾರಸದ ಬದಲು ವಿನೆಗರ್ ಬಂದಾಗಲೇ ನಮ್ಮ ಅಡುಗೆ ಹುಟ್ಟಿತು. 1948ರಲ್ಲಿ ಮದ್ರಾಸ್ ಪ್ರಾಂತ್ಯದಾದ್ಯಂತ ಪಾನನಿಷೇಧ ಜಾರಿಯಾದಾಗ ದಕ್ಷಿಣ ಕನ್ನಡವೂ ಅದರೊಳಗಿತ್ತು. ಕಾನೂನು ಮತ್ತು ಅಡುಗೆಮನೆಗಳ ನಡುವಣ ಈ ತೊಡಕು ಕೊಲ್ಲಿ ನಾಡಿನಲ್ಲಿ ಆರಂಭವಾದುದಲ್ಲ.

ನಾವು ನಿಜವಾಗಿ ಕಳೆದುಕೊಳ್ಳುತ್ತಿರುವುದು ಬೇರೊಂದನ್ನು. ಬೆಳಿಗ್ಗೆ ಸಂಜೆ ಪ್ರಾಣವನ್ನು ಪಣವಿಟ್ಟು ಮರವೇರಿ ಮೂರ್ತೆ ಮಾಡುತ್ತಿದ್ದವರ ನೆನಪು ಪೊಟ್ಟಣದೊಳಗಿಲ್ಲ. ಅವರ ದುಡಿಮೆಯನ್ನು ಉಂಡ ಸಮಾಜ ಅವರನ್ನೇ ಕೀಳೆಂದು ದೂರವಿರಿಸಿತು. ಆದರೂ 12ನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನಿಗೆ ವಚನಕಾರನ ಸ್ಥಾನವಿತ್ತೆಂಬುದು ನಮ್ಮ ನಾಡಿನ ಹೆಮ್ಮೆ.

ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಸಾನ್ನಾ ತಿನ್ನುವಾಗ ಈಸ್ಟಿನ ಬಗ್ಗೆ ನಾಚಬೇಕಾಗಿಲ್ಲ. ಮರವೇರಿದವರ ಕತೆಯನ್ನು ಅವರಿಗೆ ಹೇಳುವ ಹೊಣೆ ಮಾತ್ರ ನಮ್ಮದು.