ಬಳ್ಳಿಗಾವೆಯ ರಂಗಭೋಗವೂ ಅಲ್ಲಮನ ಮದ್ದಳೆಯೂ

ಶಿಕಾರಿಪುರ ಮತ್ತು ಸೊರಬದ ತಾಲ್ಲೂಕುಗಳು ಪೂರ್ವದಲ್ಲಿ ಬನವಾಸಿ ಪನ್ನಿರ್ಚ್ಛಾಸಿರವೆಂಬ ನಾಡಿಗೆ ಸೇರಿದ್ದುವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ನಾಡಿನ ರಾಜಧಾನಿಯೆನಿಸಿದ್ದ ಬಳ್ಳಿಗಾವೆಯು ಈಗ ಶಿಕಾರಿಪುರದ ತಾಲ್ಲೂಕಿನಲ್ಲಿ ಒಂದು ಹಳ್ಳಿಯಾಗಿರುವುದು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳೂ, 1904ರ 8ನೆಯ ಸಂಪುಟದಲ್ಲಿ ಸೊರಬದ ಶಾಸನಗಳೂ ಸೇರಿವೆ. ಅರಸರ ವಂಶಾವಳಿಗಾಗಿ ಇವನ್ನು ಓದಿದವರು ಅನೇಕರು. ಅವುಗಳ ಹಿಂದೆ ಇದ್ದ ನಟ್ಟುವರನ್ನೂ ಪಾತ್ರದವರನ್ನೂ ಮದ್ದಳೆಗಾರರನ್ನೂ ಕುರಿತು ಯೋಚಿಸಿದವರು ವಿರಳ.

ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ಅಂಗಭೋಗ, ರಂಗಭೋಗ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುವುದು ಕನ್ನಡ ಶಾಸನಗಳ ರೂಢಿ. ದೇವರ ಮೂರ್ತಿಗೆ ಸಲ್ಲುವ ಅಭಿಷೇಕ ಅಲಂಕಾರಾದಿಗಳು ಅಂಗಭೋಗ. ಗರ್ಭಗುಡಿಯ ಮುಂದಣ ರಂಗದಲ್ಲಿ ಸಲ್ಲುವ ಗೀತ ವಾದ್ಯ ನೃತ್ಯಗಳು ರಂಗಭೋಗ. ನವರಂಗದ ನಡುವೆ ನೆಲದಿಂದ ಸ್ವಲ್ಪ ಎತ್ತರಿಸಿದ ದುಂಡನೆಯ ಕಲ್ಲುಹಾಸು ಕರ್ಣಾಟಕದ ಅನೇಕ ದೇಗುಲಗಳಲ್ಲಿ ಕಾಣಬರುವುದು. ಸುಮಾರು 1070ರ ಬಳ್ಳಿಗಾವೆಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನೂ, ಸುಮಾರು 1100ರಲ್ಲಿ ಕಟ್ಟಿದ ಸೊರಬದ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರದ ವಿಶಾಲವಾದ ಕಂಬಗಳ ಮಂಟಪವನ್ನೂ ನೋಡಿದವರಿಗೆ, ಪೂಜೆಯಲ್ಲಿ ಸಭೆಗೆ ಎಷ್ಟು ಸ್ಥಳವಿದ್ದಿತೆಂಬುದು ತಾನಾಗಿ ತಿಳಿಯುವುದು. ಕಾಳಾಮುಖರ ಕೋಡಿಯ ಮಠವನ್ನು ವರ್ಣಿಸುವ 1162ರ ಬಳ್ಳಿಗಾವೆಯ ಶಾಸನವು ವೇದ ವ್ಯಾಕರಣ ದರ್ಶನಗಳ ಜೊತೆಗೆ ಕಾವ್ಯ ನಾಟಕಗಳನ್ನೂ ಅಲ್ಲಿಯ ವಿದ್ಯೆಗಳಲ್ಲಿ ಎಣಿಸುತ್ತದೆ.

ಆದರೆ ಶಾಸನವು ಲೆಕ್ಕದ ಪತ್ರ. ಯಾರಿಗೆ ಎಷ್ಟು ಭೂಮಿಯೆಂಬುದನ್ನು ಅದು ಹೇಳುವುದು. ರಂಗದ ಮೇಲೆ ನಿಂತವಳ ಮನಸ್ಸಿನಲ್ಲಿ ಏನಿದ್ದಿತು, ಅವಳ ಹೆಜ್ಜೆಗೆ ತಾಳವನ್ನು ಕೊಟ್ಟವನ ಬಾಳು ಏನಾಯಿತು ಎಂಬುದು ಅದರ ವಿಷಯವಲ್ಲ. ಆ ಸ್ಥಳವನ್ನು ತುಂಬಿದವರು ಕವಿಗಳು. ಬಳ್ಳಿಗಾವೆಯ ವಿಷಯದಲ್ಲಿ ಅವರು ತುಂಬಿದುದು ಒಬ್ಬ ಮದ್ದಳೆಗಾರನ ಕಥೆಯನ್ನು. ಆತನೇ ಮುಂದೆ ಬಸವಣ್ಣನವರ ಕಲ್ಯಾಣದಲ್ಲಿ ಶರಣರಿಗೆಲ್ಲ ಪ್ರಭುವೆನಿಸಿದ ಅಲ್ಲಮ.

ಈ ಕಥೆಗೆ ಎರಡು ರೂಪಗಳಿವೆ. ಒಂದು ಇನ್ನೊಂದನ್ನು ಬಹುಮಟ್ಟಿಗೆ ಅಳಿಸಿಬಿಡುವಂತಿದೆ.

ಮೊದಲನೆಯದು ಹರಿಹರನ ಪ್ರಭುದೇವರ ರಗಳೆ. ಇದರಲ್ಲಿ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗ. ನಾಗವಾಸವೆಂದರೆ ದೇವಾಲಯದ ನೃತ್ಯಗೀತಗಳಿಗೆ ಸೇರಿದವರ ಸಮೂಹವೆಂದು ಗ್ರಹಿಸಬಹುದು. ಆದುದರಿಂದ ರಂಗಭೋಗವು ಆ ಮನೆಯ ವೃತ್ತಿ, ಮದ್ದಳೆಯು ಮಗನಿಗೆ ಬಂದ ಮನೆಯ ವಿದ್ಯೆ. ಆತನು ಕಾಮಲತೆಯೆಂಬುವಳಲ್ಲಿ ಅನುರಕ್ತನಾಗಿ ಅವಳನ್ನು ಕೂಡಿ, ಹೊತ್ತುಗೊತ್ತುಗಳನ್ನು ಮರೆತು ಸುಖದಲ್ಲಿರುತ್ತಾನೆ. ಆ ಸುಖವು ಬಹುಕಾಲ ನಿಲ್ಲಲಿಲ್ಲ. ಕಾಮಲತೆಗೆ ಜ್ವರ ಬಂದು ಅವಳು ತೀರಿಹೋಗುವಳು. ಅಲ್ಲಮನು ಅವಳ ಹೆಸರನ್ನು ಕರೆಯುತ್ತ ಹುಚ್ಚನಂತೆ ಅಲೆಯುವನು. ಒಂದು ತೋಪಿನಲ್ಲಿ ಸುಮ್ಮನೆ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಮಣ್ಣಿನಲ್ಲಿ ದೇಗುಲದ ಕಳಸವೊಂದು ತೋರುವುದು; ಅಗೆಯಿಸಿ ಒಳಹೊಕ್ಕರೆ ಅನಿಮಿಷಯ್ಯನೆಂಬ ಯೋಗಿ. ಆತನ ಕೈಯ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವು ಹೋಗುವುದು. ಗುಹೇಶ್ವರನೆಂಬ ಅಂಕಿತಕ್ಕೆ ಈ ಹೂತ ದೇಗುಲವು ಎಷ್ಟು ಒಪ್ಪುವುದೆಂಬುದನ್ನು ಹೇಳಬೇಕಾದುದಿಲ್ಲ.

ಎರಡನೆಯದು ಪ್ರೌಢದೇವರಾಯನ ಕಾಲದ, ಎಂದರೆ 15ನೆಯ ಶತಮಾನದ ಪೂರ್ವಾರ್ಧದ, ಚಾಮರಸನ ಪ್ರಭುಲಿಂಗಲೀಲೆ. ಹರಿಹರನಿಗೂ ಇವನಿಗೂ ಎರಡು ಶತಮಾನಗಳಿಗಿಂತ ಹೆಚ್ಚಿನ ಅಂತರ. 25 ಗತಿಗಳ ಈ ಷಟ್ಪದಿ ಕಾವ್ಯದಲ್ಲಿ ಕಥೆಯು ಕೈಲಾಸದ ವಾದದಿಂದ ಮೊದಲಾಗುವುದು. ಅಲ್ಲಮನು ಮಾಯೆಗೆ ವಶನಾಗತಕ್ಕವನಲ್ಲವೆಂದು ಶಿವನು ಹೇಳಲು, ಅದನ್ನು ಪರೀಕ್ಷಿಸುವುದಕ್ಕಾಗಿ ಪಾರ್ವತಿಯು ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹಿಸುವಳು. ಅದು ಬನವಾಸಿಯಲ್ಲಿ ಮಮಕಾರನಿಗೂ ಮೋಹಿನಿಗೂ ಮಾಯೆಯಾಗಿ ಹುಟ್ಟುವುದು. ಅಲ್ಲಮನ ತಂದೆತಾಯಿಗಳಾದರೋ ನಿರಹಂಕಾರ, ಸುಜ್ಞಾನಿ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆಯನ್ನು ಬಾರಿಸುವನು, ಮಾಯೆಯು ಮೋಹಗೊಳ್ಳುವಳು, ಆತನ ವಾದ್ಯಕ್ಕೆ ನರ್ತಿಸುವಳು. ಕೊನೆಗೆ ಆತನು ಅವಳ ಕೈಗೆ ಸಿಕ್ಕದೆ ಹೋಗುವನು. ಬನವಾಸಿಯು ಸೊರಬದ ನೆರೆಯ ಊರೇ ಆದುದರಿಂದ ಸ್ಥಳದ ಬದಲಾವಣೆ ದೊಡ್ಡದಲ್ಲ. ದೊಡ್ಡ ಬದಲಾವಣೆಯು ಬೇರೆ ಕಡೆ ಇದೆ. ಹರಿಹರನಲ್ಲಿ ಸತ್ತವಳಿಗಾಗಿ ಅತ್ತ ಮನುಷ್ಯನಿದ್ದನು. ಚಾಮರಸನಲ್ಲಿ ಅಳುವ ಕಾರಣವೇ ಇಲ್ಲ. ಹೆಸರುಗಳೆಲ್ಲ ತತ್ತ್ವಗಳಾದ ಮೇಲೆ ಜ್ವರ ಬರುವುದಾದರೂ ಯಾರಿಗೆ?

ರಂಗದಲ್ಲಿ ನಡೆದ ವೈರಾಗ್ಯದ ಕಥೆಯು ಕನ್ನಡಕ್ಕೆ ಹೊಸದಾಗಿರಲಿಲ್ಲ. ಬನವಾಸಿಯ ನಾಡನ್ನು ಅಷ್ಟೊಂದು ಪ್ರೀತಿಯಿಂದ ನೆನೆದ ಪಂಪನೇ 941ರ ಆದಿಪುರಾಣದಲ್ಲಿ ನೀಲಾಂಜನೆಯ ಪ್ರಸಂಗವನ್ನು ಬರೆದಿರುವನು. ಆಯುಸ್ಸು ಮುಗಿಯುತ್ತ ಬಂದ ನರ್ತಕಿಯನ್ನು ಇಂದ್ರನು ಆದಿದೇವನ ಸಭೆಗೆ ತರುವನು. ಅವಳು ಕುಣಿಯುತ್ತಿರುವಂತೆಯೇ ಮಾಯವಾಗುವಳು. ರಸಭಂಗವಾಗದಂತೆ ಇಂದ್ರನು ಅವಳಂತಹ ಇನ್ನೊಬ್ಬಳನ್ನು ನಿಲ್ಲಿಸುವನು. ಸಭೆಗೆ ಅದು ತಿಳಿಯಲಿಲ್ಲ, ಆದಿದೇವನಿಗೆ ತಿಳಿಯಿತು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುವುದು. ಪಂಪನಲ್ಲಿ ನರ್ತಕಿಯು ರಂಗದ ಮೇಲೆಯೇ ಸಾಯುವಳು, ಬದಲಾಗುವವನು ಪ್ರೇಕ್ಷಕ. ಹರಿಹರನಲ್ಲಿ ಸಾವು ಮನೆಯೊಳಗಿನದು, ಬದಲಾಗುವವನು ವಾದ್ಯಗಾರ. ಚಾಮರಸನಲ್ಲಿ ಯಾರೂ ಸಾಯುವುದಿಲ್ಲ, ಅಲ್ಲಮನು ಬದಲಾಗುವುದೂ ಇಲ್ಲ. ರಂಗವು ಜಯಾಪಜಯಗಳ ಕಣವಾಗಿಬಿಟ್ಟಿದೆ.

ಚಾಮರಸನ ಕಾವ್ಯಗುಣವು ಇದರಿಂದ ಕಡಮೆಯಾಗುವುದಿಲ್ಲ. ಅಲ್ಲಮನನ್ನು ಪರಶಿವನೆಂದು ಭಾವಿಸಿದ ಕವಿಗೆ ವಿಯೋಗದುಃಖವು ಕಳಂಕವಾಗಿ ತೋರಿದುದು ಸಹಜವೇ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡುವವರಿಗೆ ಹರಿಹರನ ಮಾತಿನಲ್ಲಿ ಹೆಚ್ಚಿನ ಭಾರವಿದೆ. ನಾಗವಾಸಾಧಿಪತಿಯ ಮನೆಯು ರಂಗಭೋಗದ ದತ್ತಿಗಳಿಂದ ತಿಳಿದುಬರುವ ದೇವಾಲಯದ ವ್ಯವಸ್ಥೆಗೆ ಹೊಂದುವುದು. ನಿರಹಂಕಾರನ ಮನೆಗೆ ಅಂತಹ ವಿಳಾಸವಿಲ್ಲ. ಕೈಲಾಸದ ಶಾಪಾದಿಗಳು ಹರಿಹರನಲ್ಲಿಯೂ ಇವೆ. ಕಾಮಲತೆಯೆಂಬ ಹೆಸರು ಕೂಡ ಕವಿಕಲ್ಪಿತವಾಗಿರಬಹುದು. ಅವನ್ನೆಲ್ಲ ಕಳೆದರೂ ಉಳಿಯುವುದು ದೇಗುಲದ ವೃತ್ತಿಯವನೊಬ್ಬನ ಮಗ, ಮದ್ದಳೆ, ಒಂದು ಪ್ರೇಮ, ಒಂದು ಸಾವು. ಮಹಿಮಾಪುರುಷನಿಗೆ ಇಲ್ಲದ ದುಃಖವನ್ನು ಭಕ್ತಕವಿಯು ತಾನಾಗಿ ಸೇರಿಸುವುದು ಅಪರೂಪ. ಇದ್ದುದನ್ನು ತೆಗೆದುಹಾಕುವುದು ಸಾಮಾನ್ಯ.

ಇದೇ ಬಳ್ಳಿಗಾವೆಯು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹುಟ್ಟೂರೆಂಬ ಪ್ರತೀತಿಯೂ ಉಂಟು. ಅವಳು ನೃತ್ಯಗೀತಗಳಲ್ಲಿ ನಿಪುಣೆಯೆಂಬುದಕ್ಕೂ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದಕ್ಕೂ ಶಾಸನಗಳ ಬೆಂಬಲವಿದೆ. ಹುಟ್ಟೂರಿನ ಮಾತು ಪ್ರತೀತಿಯ ಮಟ್ಟದಲ್ಲಿಯೇ ಉಳಿದಿದ್ದರೂ, ನರ್ತನವೆಂದೊಡನೆ ಜನರ ನೆನಪು ಈ ಊರಿನ ಕಡೆಗೆ ತಿರುಗುವುದೆಂಬುದಕ್ಕೆ ಅದೂ ಒಂದು ಸಾಕ್ಷಿ.

ಪ್ರಸಿದ್ಧಿಯಲ್ಲಿ ಗೆದ್ದವನು ಚಾಮರಸನೇ. ಪ್ರಭುಲಿಂಗಲೀಲೆಯು ತೆಲುಗಿಗೆ ಹೋಯಿತು. 17ನೆಯ ಶತಮಾನದಲ್ಲಿ ಶಿವಪ್ರಕಾಶಸ್ವಾಮಿಗಳಿಂದ ತಮಿಳಿಗೂ ಹೋಯಿತು. ಅದರೊಡನೆ ಬನವಾಸಿಯ ಮಾಯೆಯು ದಕ್ಷಿಣದೇಶದಲ್ಲೆಲ್ಲ ಕುಣಿದಳು. ಕಾಮಲತೆಯು ರಗಳೆಯ ಓಲೆಗಳಲ್ಲಿಯೇ ಬಹುಕಾಲ ಉಳಿದಳು. 1973ರಲ್ಲಿ ಎ. ಕೆ. ರಾಮಾನುಜನ್ ಅವರು ವಚನಗಳನ್ನು ಇಂಗ್ಲಿಷಿಗೆ ತಂದಾಗ, ಅಲ್ಲಮನ ಪರಿಚಯದಲ್ಲಿ ವಿಸ್ತಾರವಾಗಿ ಹೇಳಿದುದು ಅವಳ ಜ್ವರದ ಕಥೆಯನ್ನು.