ಪಾಲಿಬೆಟ್ಟದ ಹುಡುಗ ಯಾವ ಶಾಲೆಯವನು? ಕಾಫಿ ಸೀಮೆಯ ಒಬ್ಬ ಹಳೆಯ ವಿದ್ಯಾರ್ಥಿ ಮತ್ತು ನಮ್ಮ ಪಟ್ಟಿಗಳು

ಮೂಡಿಗೆರೆ ಕಡೆಯ ಬಣಕಲ್, ಕೊಟ್ಟಿಗೆಹಾರ, ಜಾವಳಿ ಸುತ್ತಿನ ತೋಟಗಳ ಚರಿತ್ರೆ ಬರೆಯಲು ಕೂತವರೆಲ್ಲ ಮೊದಲು ಕೈಹಾಕುವುದು ರಾಬರ್ಟ್ ಎಚ್. ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ. ಅದರ ಉದ್ದನೆಯ ಶೀರ್ಷಿಕೆಯೇ ಒಂದು ವಿಷಯಸೂಚಿ: ಚಿನ್ನ, ಬೇಟೆ, ಮೈಸೂರಿನ ಕಾಫಿ, ಕೊಡಗಿನ ಕಾಫಿ, ಮೈಸೂರು ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್, ಜಾತಿ, ಬೆಳ್ಳಿಯ ಪ್ರಶ್ನೆ. ಮೂವತ್ತೆಂಟು ವರ್ಷದ ಅನುಭವ ಎಂದು ದೊರೆ ತಾನೇ ಹೇಳಿಕೊಂಡಿದ್ದಾನೆ. ತೋಟದ ಬಂಗಲೆಗಳಲ್ಲಿ ಹುಟ್ಟಿದ ಮಕ್ಕಳು ಎಲ್ಲಿ ಓದಿದರು ಎಂಬುದು ಆ ಶೀರ್ಷಿಕೆಯಲ್ಲಿ ಇಲ್ಲ. ಎಲಿಯಟ್‌ನನ್ನು ಬಿಟ್ಟು ಬೇರೆ ಆಧಾರ ಹುಡುಕದವರು ಈ ಖಾಲಿ ಜಾಗವನ್ನು ಊಹೆಯಿಂದ ತುಂಬಿದ್ದಾರೆ. ದೊರೆಗಳ ಮಕ್ಕಳೆಲ್ಲ ವಿಲಾಯತಿಗೆ ಹೋದರು, ನಮ್ಮ ನೆಲಕ್ಕೂ ಅವರಿಗೂ ಅಲ್ಲಿಗೆ ನಂಟು ಮುಗಿಯಿತು ಎಂಬುದು ಒಂದು ಊಹೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ವಾದ ಬೆಂಗಳೂರಿನ ಅಭಿಮಾನಿಗಳದು. ಅವರ ಪ್ರಕಾರ ಆ ಮಕ್ಕಳನ್ನು ರೂಪಿಸಿದ್ದು ಬಿಷಪ್ ಕಾಟನ್ ಶಾಲೆ. ಸಾಕ್ಷಿ ಬೇಕಿದ್ದರೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ನೋಡಿ.

ಎರಡೂ ಕಡೆಯವರು ತಮ್ಮ ಪರವಾಗಿ ಎಳೆದು ತರುವುದು ಒಬ್ಬನನ್ನೇ, ಮೊದಲ ಮಹಾಯುದ್ಧದಲ್ಲಿ ಜರ್ಮನ್ ವಾಯುನೌಕೆಯೊಂದನ್ನು ಕೆಡವಿ ವಿಕ್ಟೋರಿಯಾ ಕ್ರಾಸ್ ಪಡೆದ ವೈಮಾನಿಕ ವಿಲಿಯಂ ಲೀಫ್ ರಾಬಿನ್ಸನ್‌ನನ್ನು. ಅವನು ಕೊಡಗಿನವನು, ಮೂಡಿಗೆರೆಯವನಲ್ಲ ಎಂದು ನಮ್ಮ ಕಡೆಯವರು ಪುಟ ತಿರುಗಿಸಬಾರದು. 1882ರ ಹೊತ್ತಿಗೆ ಬೆಂಗಳೂರಿನ ರೈಲು ಮೈಸೂರು ಮುಟ್ಟಿತ್ತು. 1889ರಲ್ಲಿ ಹರಿಹರದ ದಾರಿ ಪೂರ್ತಿಯಾದಾಗ ಕಡೂರು ನಿಲ್ದಾಣ ಚಿಕ್ಕಮಗಳೂರು, ಮೂಡಿಗೆರೆ ತೋಟಗಳಿಗೆ ಬಾಗಿಲಾಯಿತು. ದಕ್ಷಿಣ ಕೊಡಗಿನ ಹುಡುಗ ಮೈಸೂರಿಗೆ, ಬಣಕಲ್ ಕಡೆಯ ಹುಡುಗ ಕಡೂರಿಗೆ ಗಾಡಿಯಲ್ಲಿ ಇಳಿದರೆ ಮುಂದೆ ಇಬ್ಬರಿಗೂ ಬೆಂಗಳೂರು ದಂಡಿನ ಶಾಲೆ ಒಂದು ಹಗಲಿನದೋ ಒಂದು ರಾತ್ರಿಯದೋ ದಾರಿ. ಮೊದಲ ತಲೆಮಾರಿನ ಬೆಳೆಗಾರ ದೊರೆಗಳಲ್ಲಿ ಕ್ಯಾನನ್ ಎಲ್ಲಿ ಮೊದಲ ಗಿಡ ನೆಟ್ಟ, ಗ್ರೀನ್ ಯಾವಾಗ ಐಗೂರಿಗೆ ಬಂದ ಎಂಬ ಹಳೆಯ ಪಾಠವನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ನನ್ನ ತಕರಾರು ರಾಬಿನ್ಸನ್‌ನ ಬಾಲ್ಯದ ಬಗ್ಗೆ ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದಿರುವ ಒಂದೇ ಒಂದು ವಾಕ್ಯದ ಮೇಲೆ.

ಆ ವಾಕ್ಯದ ಸಾರ ಹೀಗೆ: ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಆಕ್ಸ್‌ಫರ್ಡಿನ ಡ್ರ್ಯಾಗನ್ ಶಾಲೆಯಲ್ಲೂ ಓದಿ, ಬಳಿಕ ಅಣ್ಣನ ಹಿಂದೆಯೇ ಕಂಬರ್‌ಲ್ಯಾಂಡಿನ ಸೇಂಟ್ ಬೀಸ್ ಶಾಲೆ ಸೇರಿದ. ವಿಲಾಯತಿ ಪಕ್ಷದವರು ಇದನ್ನು ಒಂದು ನೇರ ಪಯಣವಾಗಿ ಓದುತ್ತಾರೆ: ಮೊದಲು ಬೆಂಗಳೂರಿನಲ್ಲಿ ಒಂದಿಷ್ಟು ಅಕ್ಷರಾಭ್ಯಾಸ, ಆಮೇಲೆ ಆಕ್ಸ್‌ಫರ್ಡು, ಆಮೇಲೆ ಕಂಬರ್‌ಲ್ಯಾಂಡು. ಕಣದಲ್ಲಿ ಒಣಗಿಸಿದ ಚೆರ್ರಿ ಮಂಗಳೂರಿಗೆ, ಅಲ್ಲಿಂದ ಹಡಗಿಗೆ, ಹಡಗಿನಿಂದ ಲಂಡನ್ನಿಗೆ ಹೋದಂತೆ. ಹೋದದ್ದು ಹಿಂದಿರುಗುವ ಮಾತೇ ಇಲ್ಲ. ಆದರೆ ಎರಡು ಹೆಸರನ್ನು ಒಂದರ ಪಕ್ಕ ಒಂದು ಬರೆದ ಮಾತ್ರಕ್ಕೆ ಅದು ಕಾಲಾನುಕ್ರಮ ಆಗುತ್ತದೆಯೇ? ಶಾಸನದಲ್ಲಿ ದತ್ತಿ ಬಿಟ್ಟ ಇಬ್ಬರು ಗೌಡರ ಹೆಸರು ಒಂದೇ ಸಾಲಿನಲ್ಲಿ ಬಂದಿದೆ ಎಂದು ಮೊದಲನೆಯವನನ್ನು ತಂದೆ, ಎರಡನೆಯವನನ್ನು ಮಗ ಎಂದು ಯಾರಾದರೂ ನಿರ್ಣಯಿಸಿದರೆ ನಮ್ಮ ಶಾಸನತಜ್ಞರು ನಗುತ್ತಾರೆ. ಇಂಗ್ಲಿಷ್ ಜೀವನಚರಿತ್ರೆಯ ವಿಷಯ ಬಂದಾಗ ಅದೇ ತಜ್ಞರು ಮೌನ ತಾಳುವುದು ನನಗೆ ಸೋಜಿಗ.

ಖಚಿತವಾದ ವರ್ಷಗಳನ್ನು ಸಾಲಾಗಿ ಇಟ್ಟು ನೋಡೋಣ. ರಾಬಿನ್ಸನ್ ಪಾಲಿಬೆಟ್ಟದ ಬಳಿಯ ಕಾಫಿ ತೋಟದಲ್ಲಿ ಹುಟ್ಟಿದ್ದು 1895ರ ಜುಲೈ 14ರಂದು. ತಂದೆ ಹೊರೇಸ್ ರಾಬಿನ್ಸನ್, ತಾಯಿ ಎಲಿಜಬೆತ್ ಲೀಫ್. ಸೇಂಟ್ ಬೀಸ್ ಸೇರಿದ್ದು 1909ರ ಸೆಪ್ಟೆಂಬರಿನಲ್ಲಿ, ಹದಿನಾಲ್ಕು ತುಂಬಿದ ಮೇಲೆ. ಸ್ಯಾಂಡ್‌ಹರ್ಸ್ಟ್ ಸೇರಿದ್ದು 1914ರ ಆಗಸ್ಟಿನಲ್ಲಿ. ಅಂದರೆ ಕಂಬರ್‌ಲ್ಯಾಂಡಿನ ಶಾಲೆಯ ಪಾಲಿಗೆ ಸುಮಾರು ಐದು ವರ್ಷ ಖಾತ್ರಿ. ಉಳಿದದ್ದು ಅದಕ್ಕೆ ಮುಂಚಿನ ಕಾಲ. ಹುಡುಗ ಆರನೆಯ ವಯಸ್ಸಿಗೆ ಶಾಲೆಗೆ ಹೋದನೆಂದು ಹಿಡಿದರೆ ಎಂಟು ವರ್ಷ ಸಿಗುತ್ತದೆ. ಇದನ್ನು ಬೆಂಗಳೂರು ಮತ್ತು ಆಕ್ಸ್‌ಫರ್ಡು ಹಂಚಿಕೊಳ್ಳಬೇಕು. ಬೆಂಗಳೂರು ಮೊದಲು ಎಂದಾದರೆ ಅದು ಎಳೆಯ ಮಗುವಿನ ಓದು. ಆಕ್ಸ್‌ಫರ್ಡು ಮೊದಲು, ಬೆಂಗಳೂರು ನಂತರ ಎಂದಾದರೆ ಹುಡುಗ ಇಂಗ್ಲೆಂಡಿನಿಂದ ಮರಳಿ ಬಂದು, ತಿಳಿವಳಿಕೆ ಮೂಡುವ ವಯಸ್ಸನ್ನು ಇಲ್ಲಿ ಕಳೆದು, ಮತ್ತೆ ಹಡಗು ಹತ್ತಿದಂತಾಯಿತು. ಈ ಎರಡು ಚಿತ್ರಗಳ ನಡುವಿನ ಅಂತರ ಚಿಕ್ಕದಲ್ಲ. ವಿಲಾಯತಿ ಪಕ್ಷದವರು ಎರಡನೆಯದನ್ನು ಪರಿಶೀಲಿಸುವ ಗೋಜಿಗೇ ಹೋಗದೆ ಮೊದಲನೆಯದನ್ನು ಆಯ್ದುಕೊಂಡಿದ್ದಾರೆ. ಹೋದ ಹುಡುಗ ಹಿಂದಿರುಗುವುದಿಲ್ಲ ಎಂಬ ನಂಬಿಕೆಯೊಂದನ್ನು ಬಿಟ್ಟರೆ ಅವರಿಗೆ ಬೇರೆ ಬೆಂಬಲವಿಲ್ಲ.

ಹಿಂದಿರುಗುವುದಿಲ್ಲವೇ? ಅದನ್ನು ಹೇಳುವವರು ತಮ್ಮ ಮೇಜಿನ ಮೇಲಿನ ಗೆಜೆಟಿಯರಿನ ಕರ್ತೃವಿನ ಹೆಸರನ್ನಾದರೂ ನೋಡಬೇಕಿತ್ತು. ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಮಿಷನರಿಯ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥನಾದವನು. ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1901ರಲ್ಲಿ ಹೊರತಂದು ನಮ್ಮ ಅಂಗಡಿಯ ಹೊಯ್ಸಳ ಶಾಸನಗಳನ್ನು ಲೋಕಕ್ಕೆ ತೋರಿಸಿದವನೂ ಅವನೇ. ಹೋಗುವುದು, ಬರುವುದು, ಮತ್ತೆ ಹೋಗುವುದು ಆ ವರ್ಗದವರ ಬದುಕಿನ ರೂಢಿ. ನೇರ ಪಯಣವೆಂದು ವಾದಿಸುವವನೇ ಅದನ್ನು ಸಾಬೀತು ಮಾಡಬೇಕು. ಮರುಪಯಣಕ್ಕೆ ಅವಕಾಶವಿದೆ ಎಂದು ಹೇಳುವವನ ಮೇಲೆ ಆ ಹೊರೆ ಇಲ್ಲ. (ರೈಸ್‌ನನ್ನು ನಮ್ಮವನೆಂದು ಅಪ್ಪಿಕೊಂಡು ರಾಬಿನ್ಸನ್‌ನನ್ನು ಪರಕೀಯನೆಂದು ತಳ್ಳುವುದಕ್ಕೆ ಒಂದೇ ಕಾರಣ: ಮೊದಲನೆಯವನು ನಮ್ಮ ಕಲ್ಲುಗಳನ್ನು ಓದಿದ. ಒಳ್ಳೆಯ ಕಾರಣವೇ. ಆದರೆ ಅದು ಕೃತಜ್ಞತೆ, ಪ್ರಮಾಣವಲ್ಲ.)

ಆ ವರ್ಷಗಳ ಕಾಫಿಯ ಸ್ಥಿತಿಯನ್ನೂ ಯಾರೂ ಲೆಕ್ಕಕ್ಕೆ ತಂದಿಲ್ಲ. ಬ್ರೆಜಿಲಿನ ಅತಿ ಬೆಳೆಯಿಂದ 1890ರ ದಶಕದ ಕೊನೆಯಲ್ಲಿ ಜಗತ್ತಿನ ಕಾಫಿ ಬೆಲೆ ಕುಸಿಯಿತು. 1906ರಲ್ಲಿ ಬ್ರೆಜಿಲಿನ ರಾಜ್ಯಗಳು ತಾವೇ ಕಾಫಿ ಕೊಂಡು ದಾಸ್ತಾನಿಟ್ಟು ಬೆಲೆ ಎತ್ತಲು ಹೊರಡುವವರೆಗೂ ಬೆಳೆಗಾರರು ತತ್ತರಿಸಿದರು. ರಾಬಿನ್ಸನ್‌ನ ಮೊದಲ ಹತ್ತು ವರ್ಷ ಸರಿಯಾಗಿ ಈ ಇಳಿಗಾಲಕ್ಕೆ ಸಿಕ್ಕಿವೆ. ಆ ಮನೆಯ ಜಮಾಖರ್ಚಿನ ಬಗ್ಗೆ ಇದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಆದರೆ ಮಲೆನಾಡಿನ ಬೆಳೆಗಾರ ಮಗನ ಶಾಲೆಯನ್ನು ಆರಿಸುತ್ತಿದ್ದದ್ದು ಬಿಳಿಯರ ಶಿಷ್ಟಾಚಾರದಿಂದ ಮಾತ್ರ ಎಂದು ಬರೆಯುವವರಿಗೆ ತೋಟದ ರೈಟರ್ ಕೂಡ ಪಾಠ ಹೇಳಬಲ್ಲ.

ಇಷ್ಟಕ್ಕೆ ಬೆಂಗಳೂರಿನ ಅಭಿಮಾನಿಗಳು ಗೆದ್ದೆವೆಂದು ಬೀಗಬೇಕಾಗಿಲ್ಲ. ಅವರ ತಪ್ಪು ಇನ್ನೂ ದೊಡ್ಡದು. ಶಾಲೆಯ ಹೆಸರು ಹೇಳುವಾಗ ಅವರ ಲೇಖನಿ ಬಾಂಬ್ ಬೀಳಿಸುವ ವಾಯುನೌಕೆಯ ಹಾಗೆ ಎಲ್ಲಿ ಬೇಕಾದರೂ ಇಳಿಯುತ್ತದೆ. ಜಗತ್ತಿನ ಮೊದಲ ಜೆಪೆಲಿನ್ ಉರುಳಿಸಿದವನು ರಾಬಿನ್ಸನ್ ಎಂಬ ಮಾತನ್ನೇ ನೋಡಿ. 1916ರ ಸೆಪ್ಟೆಂಬರ್ 2ರ ರಾತ್ರಿ ಹಾರಿ, 3ರ ನಸುಕಿನಲ್ಲಿ ಅವನು ತನ್ನ ಬಿ.ಇ.2ಸಿ ವಿಮಾನದಿಂದ ಗುಂಡು ಹಾರಿಸಿ ಕಫ್ಲಿ ಎಂಬ ಊರಿನ ಬಳಿ ಕೆಡವಿದ್ದು ಜೆಪೆಲಿನ್ ಅಲ್ಲ. ಎಸ್ಎಲ್ 11 ಎಂಬ ಶೂಟೆ-ಲಾಂಟ್ಸ್ ನೌಕೆ, ಲೋಹದ ಬದಲು ಮರದ ಚೌಕಟ್ಟಿನದು. ಅಂದಿನ ಬ್ರಿಟಿಷ್ ಅಧಿಕಾರಿಗಳೇ ಅದನ್ನು ಎಲ್ 21 ಎಂಬ ಜೆಪೆಲಿನ್ ಎಂದು ಸಾರಿದ್ದರಿಂದ ಗೊಂದಲಕ್ಕೆ ಕ್ಷಮೆಯಿದೆ, ನೂರು ವರ್ಷದ ಮೇಲೂ ಅದನ್ನೇ ಬರೆಯುವುದಕ್ಕೆ ಇಲ್ಲ. ವಾಯುನೌಕೆಯೊಂದನ್ನು ಆಕಾಶದಲ್ಲಿ ವಿಮಾನದಿಂದ ನಾಶ ಮಾಡಿದ ಮೊದಲಿಗ ರೆಜಿನಾಲ್ಡ್ ವಾರ್ನ್‌ಫರ್ಡ್. 1915ರ ಜೂನ್ 7ರಂದು, ಬೆಲ್ಜಿಯಮ್ಮಿನ ಮೇಲೆ. ಅವನು ಹುಟ್ಟಿದ್ದು ಡಾರ್ಜಿಲಿಂಗಿನಲ್ಲಿ. ಬ್ರಿಟನ್ನಿನ ನೆಲದ ಮೇಲೆ ಮೊದಲು ಕೆಡವಿದವನು ಎಂಬಷ್ಟಕ್ಕೆ ರಾಬಿನ್ಸನ್‌ನ ಕೀರ್ತಿ ಸಲ್ಲುತ್ತದೆ. ವಿಕ್ಟೋರಿಯಾ ಕ್ರಾಸ್ ಬಂದದ್ದೂ ಅದಕ್ಕೇ.

ಹುಟ್ಟೂರಿನ ಹೆಮ್ಮೆಯವರಿಗೂ ಒಂದು ಮಾತು. ಎಸ್ಎಲ್ 11ರಲ್ಲಿ ಸುಟ್ಟುಹೋದ ಹದಿನಾರು ಮಂದಿಯ ನಾಯಕ ವಿಲ್ಹೆಲ್ಮ್ ಶ್ರಾಮ್ ಹುಟ್ಟಿದ್ದು ಲಂಡನ್ನಿನ ಚಾರ್ಲ್‌ಟನ್ನಿನಲ್ಲಿ. ಲಂಡನ್ನಿಗೆ ಬಾಂಬ್ ಹಾಕಲು ಬಂದವನು ಲಂಡನ್ನಿನ ಕೂಸು, ಲಂಡನ್ ಕಾಯ್ದವನು ಕೊಡಗಿನ ಕೂಸು! ಜನ್ಮಸ್ಥಳವೇ ಪ್ರಮಾಣವಾದರೆ ಆ ರಾತ್ರಿಯ ಯುದ್ಧವನ್ನೇ ತಲೆಕೆಳಗು ಬರೆಯಬೇಕಾಗುತ್ತದೆ.

ಪಟ್ಟಿಯ ತರ್ಕಕ್ಕೆ ಇದಕ್ಕಿಂತ ಕಹಿಯಾದ ಪರೀಕ್ಷೆ ಇದೆ. ಬಿಷಪ್ ಕಾಟನ್ ಎಂಬ ಹೆಸರಿನ ಶಾಲೆಗಳು ಒಂದಕ್ಕಿಂತ ಹೆಚ್ಚು. ಶಿಮ್ಲಾದ್ದು 1859ರದು, ಬೆಂಗಳೂರಿನದು 1865ರದು. ಜಲಿಯನ್‌ವಾಲಾ ಬಾಗಿನ ಡಯರ್ ಶಿಮ್ಲಾದ ಶಾಲೆಯಲ್ಲಿ ಓದಿದವನು. ಶೌರ್ಯಪದಕ ತಂದವನ ಶೌರ್ಯ ಶಾಲೆಯದ್ದಾದರೆ, ಅಮೃತಸರದ ಹತ್ಯೆಯೂ ಶಾಲೆಯದ್ದಾಗಬೇಕು. ಎರಡನೆಯದನ್ನು ಒಪ್ಪಲು ಯಾರೂ ತಯಾರಿಲ್ಲ, ನಾನೂ ಇಲ್ಲ. ಹಾಗಿದ್ದರೆ ಮೊದಲನೆಯದನ್ನು ಅಷ್ಟು ಸಲೀಸಾಗಿ ಒಪ್ಪುವುದು ಹೇಗೆ?

ಶಾಲೆ ಏನು ಕೊಟ್ಟಿತು ಎಂದು ಕೇಳುವುದಕ್ಕಿಂತ ಶಾಲೆಯಿಂದ ಹೊರಬಿದ್ದವನಿಗೆ ಯಾವ ಬಾಗಿಲು ತೆರೆದಿತ್ತು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಇದಕ್ಕೆ ರಾಬಿನ್ಸನ್‌ಗೆ ಸರಿಯಾದ ಜೋಡಿ ಬೆಂಗಳೂರಿನ ಅದೇ ಶಾಲೆಯ ಇನ್ನೊಬ್ಬ ಕೊಡಗಿನ ಹುಡುಗ, ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ, ಅವರದೂ ಕಾಫಿ ಬೆಳೆಗಾರರ ಮನೆತನ. ಮೊದಲು ಕೂನೂರಿನ ಸೇಂಟ್ ಜೋಸೆಫ್, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಅಲ್ಲಿಂದ 1922ರಲ್ಲಿ ಹೊಸದಾಗಿ ತೆರೆದಿದ್ದ ಡೆಹ್ರಾಡೂನಿನ ಸೈನಿಕ ಕಾಲೇಜು, ಕೊನೆಗೆ ಸ್ಯಾಂಡ್‌ಹರ್ಸ್ಟ್. ಇಬ್ಬರ ಬದುಕಿನಲ್ಲೂ ಬೆಂಗಳೂರು ನಡುದಾರಿಯ ತಂಗುದಾಣ. ಇಬ್ಬರ ಗುರಿಯೂ ಸ್ಯಾಂಡ್‌ಹರ್ಸ್ಟ್. ಆದರೆ 1914ರಲ್ಲಿ ರಾಬಿನ್ಸನ್ ಆ ಬಾಗಿಲು ದಾಟಿದಾಗ ಭಾರತೀಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಅದು ಬೆರಳೆಣಿಕೆಯ ಭಾರತೀಯರಿಗೆ ತೆರೆಯಿತು, ಡೆಹ್ರಾಡೂನಿನ ಕಾಲೇಜು ಆ ಬೆರಳೆಣಿಕೆಯವರನ್ನು ಸಿದ್ಧಗೊಳಿಸಲೆಂದೇ ಹುಟ್ಟಿತು. ತಿಮ್ಮಯ್ಯನವರು 1926ರಲ್ಲಿ ಅಧಿಕಾರಿಯಾದದ್ದು ಈ ದಾರಿಯಿಂದ. ಇಬ್ಬರ ನಡುವೆ ಹನ್ನೊಂದು ವರ್ಷ ಕೂಡ ಅಂತರವಿಲ್ಲ. ಬೆಂಗಳೂರಿನ ಶಾಲೆಯ ಹೆಸರು ಬದಲಾಗಿರಲಿಲ್ಲ, ಸಾಮ್ರಾಜ್ಯದ ಕಾನೂನು ಬದಲಾಗಿತ್ತು. 1957ರಿಂದ 1961ರವರೆಗೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾಗಿ, 1965ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿ ಸೈಪ್ರಸ್‌ನಲ್ಲಿ ತೀರಿಕೊಂಡ ತಿಮ್ಮಯ್ಯನವರನ್ನು ಕೊಡಗಿನಲ್ಲಿ ಯಾರೂ ಬಿಷಪ್ ಕಾಟನ್ ಶಾಲೆಯ ಸೃಷ್ಟಿ ಎನ್ನುವುದಿಲ್ಲ. ಅವರಿಗೆ ಅನ್ವಯಿಸದ ನ್ಯಾಯ ರಾಬಿನ್ಸನ್‌ಗೆ ಮಾತ್ರ ಯಾಕೆ ಅನ್ವಯಿಸಬೇಕು?

ರಾಬಿನ್ಸನ್‌ನ ಉಳಿದ ಕಥೆ ಚಿಕ್ಕದು. 1917ರ ಏಪ್ರಿಲ್ 5ರಂದು ಫ್ರಾನ್ಸಿನಲ್ಲಿ ಜರ್ಮನ್ ವೈಮಾನಿಕ ರಿಚ್‌ತೋಫನ್ ತಂಡಕ್ಕೆ ಸಿಕ್ಕಿ ವಿಮಾನ ಉರುಳಿತು. ಜರ್ಮನ್ ಸೆರೆ, ತಪ್ಪಿಸಿಕೊಳ್ಳುವ ಯತ್ನಗಳು, ಬಿಡುಗಡೆಯಾಗಿ ಬಂದ ಕೆಲವೇ ವಾರದಲ್ಲಿ, 1918ರ ಡಿಸೆಂಬರ್ 31ರಂದು, ಇನ್‌ಫ್ಲುಯೆಂಜಾಕ್ಕೆ ಬಲಿ. ವಯಸ್ಸು ಇಪ್ಪತ್ಮೂರು.

ಮುಂದೆ ಯಾರಾದರೂ ಕಾಫಿ ಸೀಮೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಚ್ಚು ಹಾಕಿಸುವುದಾದರೆ ಅವನ ಸಾಲನ್ನು ಹೀಗೆ ಬರೆಯಲಿ: ಹುಟ್ಟು 1895, ಪಾಲಿಬೆಟ್ಟದ ಬಳಿ, 1909ಕ್ಕೆ ಮುಂಚೆ ಬೆಂಗಳೂರಿನ ಬಿಷಪ್ ಕಾಟನ್ ಮತ್ತು ಆಕ್ಸ್‌ಫರ್ಡಿನ ಡ್ರ್ಯಾಗನ್, ಅನುಕ್ರಮದ ಸೂಚನೆಯಿಲ್ಲದೆ, 1909ರಿಂದ 1914, ಸೇಂಟ್ ಬೀಸ್, 1916ರಲ್ಲಿ ಎಸ್ಎಲ್ 11, ಶೂಟೆ-ಲಾಂಟ್ಸ್. ‘ರೂಪಿಸಿದ’ ಎಂಬ ಕ್ರಿಯಾಪದ ಬೇಡ. ಅಕಾರಾದಿ ಹಿಡಿದರೆ ತಿಮ್ಮಯ್ಯನವರ ಸಾಲು ಇದಕ್ಕಿಂತ ಮೇಲೆ ಬರುತ್ತದೆ, ಬರಲಿ.