ದುರ್ಬೀನಕ್ಕ ಬಾಯಿ ಅಗಲ ಇರಬೇಕು

ಅಕ್ಕ-ತಂಗೇರ, 1980ರ ಫೆಬ್ರವರಿ 16ರ ಮಧ್ಯಾಹ್ನ ನಿಮಗ ನೆನಪೈತೇನು? ನಾನಾಗ ಹಡಗಲಿಯ ತವರಮನಿಯಾಗ ಹತ್ತು-ಹನ್ನೊಂದು ವರ್ಷದ ಹುಡುಗಿ. ಸೂರ್ಯಗ್ರಹಣ ಅಂತ ಅವ್ವ ಬಾಗಲಾ, ಕಿಡಕಿ ಹಾಕಿ, ನೀರಿನ ಕೊಡಕ್ಕ ಗರಿಕಿ ಹಾಕಿ ನಮ್ಮನ್ನೆಲ್ಲ ಒಳಗ ಕುಂದ್ರಿಸಿದ್ಲು. ಅದೇ ಹೊತ್ತಿನಾಗ ರಾಯಚೂರು ಜಿಲ್ಲೆಯ ಜವಳಗೇರಾದಾಗ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಸಲಕರಣಿ ಹೂಡಿ, ಸೂರ್ಯ ಪೂರಾ ಮುಚ್ಚೋದನ್ನ ನೋಡಾಕತ್ತಿದ್ರು. ಇದು ನನಗ ಗೊತ್ತಾಗಿದ್ದು ಎಷ್ಟೋ ವರ್ಷ ಕಳದ ಮ್ಯಾಲೆ. ಇಷ್ಟು ಹತ್ರ ಇದ್ದೂ ನೋಡಲಿಲ್ಲಲ್ಲ ಅನ್ನೋ ಹಳಹಳಿ ಇನ್ನೂ ಐತಿ.

ಅದಕ್ಕ ಮೊಮ್ಮಗಳು ಚುಕ್ಕಿ ನೋಡಾಕ ದುರ್ಬೀನು ಕೇಳಿದಾಗ, ಹಿಂದ-ಮುಂದ ನೋಡದ ಕೊಟ್ಟೂರು ತೇರಿನಾಗ ಒಂದು ತಂದೆ. ಡಬ್ಬಿ ಮ್ಯಾಲೆ ‘500 ಪಟ್ಟು ದೊಡ್ಡದು’ ಅಂತ ಬರದಿತ್ತು. ಚಂದ್ರ ಒಬ್ಬ ಕಂಡ. ಉಳಿದದ್ದೆಲ್ಲ ಮಸುಕು, ಸ್ಟ್ಯಾಂಡಂತೂ ಗಾಳಿಗೇ ನಡುಗತಿತ್ತು. ರೊಕ್ಕ ಹೋತು, ಕೂಸಿನ ಮಾರಿ ಸಣ್ಣಾತು.

ಆಮ್ಯಾಲೆ ಓದಿ ತಿಳಕೊಂಡೆ. ಗೆಲಿಲಿಯೋ 1610ರ ಜನವರಿಯಾಗ ಗುರುಗ್ರಹದ ನಾಕು ಚಂದ್ರರನ್ನ ಕಂಡಿದ್ದು ಸುಮಾರು 20 ಪಟ್ಟಿನ ಕೊಳವಿಯಿಂದ! ಮಸೂರದಾಗ ಅಂಚಿಗೆಲ್ಲ ಬಣ್ಣ ಕಾಣತಾವ ಅಂತ ನ್ಯೂಟನ್ 1668ರಾಗ ಕನ್ನಡಿ ಹಚ್ಚಿದ. ಮುಂದ ಎಲ್ಲರೂ ಬೆನ್ನು ಹತ್ತಿದ್ದು ಕನ್ನಡಿಯ ಅಗಲಕ್ಕ. ಅದೇ ಬೆಂಗಳೂರಿನ ಸಂಸ್ಥೆಯವರು 1986ರಾಗ ತಮಿಳುನಾಡಿನ ಕಾವಲೂರಿನಾಗ ನಿಲ್ಲಿಸಿದ ದೊಡ್ಡ ಟೆಲಿಸ್ಕೋಪು ನಮ್ಮ ದೇಶದಾಗೇ ಮಾಡಿದ್ದು, ಕನ್ನಡಿ 93 ಇಂಚು.

ಯಾಕ ಅಗಲ? ಮಳಿನೀರು ಹಿಡಿಯಾಕ ನಾವು ತಂಬಿಗಿ ಇಡತೀವೇನು? ಬಾಯಿ ಅಗಲದ ಬೋಗಾಣಿ ಇಡತೀವಿ. ಚುಕ್ಕಿಯ ಬೆಳಕೂ ಹಂಗ. ಬಾಯಿ ಮೂರು ಪಟ್ಟು ಅಗಲ ಆದ್ರ ಬೆಳಕು ಒಂಬತ್ತು ಪಟ್ಟು. ಬೆಳಕಿಲ್ಲದ ಬರೇ ಹಿಗ್ಗಿಸೋದು ಹಾಲಿಗೆ ನೀರು ಹಾಕಿದಂಗ.

ಸ್ಟ್ಯಾಂಡಿನ ಚಿಂತಿ ಬಿಡಿಸಿದವ ಅಮೆರಿಕಾದ ಜಾನ್ ಡಾಬ್ಸನ್. ವೇದಾಂತ ಮಠದಾಗ ಸನ್ಯಾಸಿ ಆಗಿದ್ದವ. ಅಗ್ಗದ ಗಾಜು ತಿಕ್ಕಿ ಕನ್ನಡಿ ಮಾಡಿ, ಕೊಳವಿಯನ್ನ ಪ್ಲೈವುಡ್ ಪೆಟ್ಟಿಗಿಯಾಗ ಕುಂದ್ರಿಸಿ, ಬೀದ್ಯಾಗ ಹೋಗೋರನ್ನ ಕರದು ಕರದು ತೋರಸತಿದ್ದ. ಈಗ ಅಂಥಾದ್ದಕ್ಕ ಡಾಬ್ಸೋನಿಯನ್ ಅಂತಾರ.

ಈ ಸಲ ಒಂದು ವರ್ಷ ರೊಕ್ಕ ಕೂಡಿಟ್ಟು 5 ಇಂಚು ಕನ್ನಡಿಯ ಅಂಥಾದ್ದೇ ತರಿಸಿದ್ವಿ. ಮಾಳಿಗಿ ಮ್ಯಾಲೆ ಅವ್ವನ್ನೇ ಮೊದಲು ಕರದೆ. ಶನಿಯ ಉಂಗುರ ನೋಡಿ, “ಬಳಿ ಇಟಗೊಂಡಂಗ ಐತಲ್ಲೇ” ಅಂದ್ಲು.

ಅವ್ವ ಅಂಜಿದ್ದರಾಗ ಒಂದು ಮಾತು ಖರೇನ: ದುರ್ಬೀನು ಸೂರ್ಯನ ಕಡಿ ತಿರುಗಿಸಿ ಕಣ್ಣಿಡಬ್ಯಾಡ್ರಿ, ಕಣ್ಣು ಹೋಗತಾವ. ಹಗಲೊತ್ತು ಮಕ್ಕಳ ಕೈಗೆ ಸಿಗದಂಗ ಎತ್ತಿಡ್ರಿ.